ಮೂರು ಬೆರಳಿನಷ್ಟು ಬಾಯಿ

ಮೂರನೆಯ ಬೆರಳೂ ಒಳಗೆ ಹೋದಾಗ ಬಸಲಿಂಗಯ್ಯನಿಗೆ ಸಂತೋಷವಾಗಲಿಲ್ಲ. ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಎದೆ ಧಸಕ್ಕೆಂದಿತು. ಕಿಟಕಿಯ ಸರಳಿಗೆ ಸಿಕ್ಕಿಸಿದ ಕನ್ನಡಿಯೊಳಗೆ, ಅರ್ಧ ಮುಖಕ್ಕೆ ಸಾಬೂನು ಮೆತ್ತಿಕೊಂಡ ಒಬ್ಬ ಮನುಷ್ಯ ತನ್ನ ಬಲಗೈಯ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಇಟ್ಟುಕೊಂಡು, ದಡ್ಡನಂತೆ ತನ್ನನ್ನೇ ನೋಡುತ್ತಿದ್ದ. ದೀಪಾವಳಿ ಕಳೆದಾಗಿನಿಂದ, ಒಂದೇ ಒಂದು ಮಧ್ಯಾಹ್ನ ಬಿಟ್ಟರೆ, ಈ ಬಾಯಿ ಒಂದು ಬೆರಳಿಗಿಂತ ಹೆಚ್ಚು ತೆರೆದದ್ದಿಲ್ಲ. ಎಡ ದವಡೆಯ ಸ್ನಾಯು ಕಿವಿಯ ಬುಡದಿಂದ ಗದ್ದದವರೆಗೆ ನೆನೆದು ಒಣಗಿದ ಹಗ್ಗದಂತೆ ಬಿಗಿದುಕೊಂಡು, ಆಕಳಿಸಲು ಹೋದರೂ ಕಣ್ಣಲ್ಲಿ ನೀರು ತರಿಸುತ್ತಿತ್ತು. ಇಂದು ಅದೇ ಸ್ನಾಯು ಏನೂ ನಡೆದೇ ಇಲ್ಲವೆಂಬಂತೆ, ಹಳೆಯ ನಂಬಿಗಸ್ತ ಆಳಿನ ಹಾಗೆ, ಮೆತ್ತಗೆ ಅವನ ಅಪ್ಪಣೆಗೆ ಕಾದಿತ್ತು. ಬೆರಳು ತೆಗೆದು ಬಾಯಿ ಮುಚ್ಚಿದ. ಮತ್ತೆ ತೆರೆದ. ಎಲ್ಲಿಯೂ ಒಂದು ಚಳುಕಿಲ್ಲ. ಇವತ್ತೇ ಆಗಬೇಕಿತ್ತೇ ಎಂದುಕೊಂಡ. ನಾಳೆ ಆಗಿದ್ದರೆ ಯಾರ ಗಂಟು ಹೋಗುತ್ತಿತ್ತು.

ಇವತ್ತು ಜೈನಾಪುರದಲ್ಲಿ ತಿಪ್ಪವ್ವನ ಗಣಾರಾಧನೆ. ಸತ್ತವರ ಹೆಸರಿನಲ್ಲಿ ಮನೆತನದ ಜಂಗಮ ಅಯ್ಯನನ್ನು ಕರೆಸಿ, ಪಾದ ತೊಳೆದು, ಎದುರಿಗೆ ಕೂತು ಉಣ್ಣಿಸುವ ದಿನ. ಅಯ್ಯನ ಬಾಯಿಗೆ ಮೊದಲ ತುತ್ತು ಹೋಗಿ, ಅವನು ಉಂಡು ಕೈ ತೊಳೆಯುವವರೆಗೆ ಮನೆಮಂದಿ, ಬೀಗರು, ಹೊಲದ ಆಳುಗಳು ಯಾರೂ ಒಂದು ಅಗುಳು ಮುಟ್ಟುವಂತಿಲ್ಲ. ಅಯ್ಯ ಉಂಡರೆ ಸತ್ತವರು ಉಂಡಂತೆ. ಆ ಮನೆಯ ಅಯ್ಯನೆಂದರೆ ಬಸಲಿಂಗಯ್ಯನೇ, ಅವನಿಗಿಂತ ಮುಂಚೆ ಅವನಪ್ಪ, ಅಪ್ಪನ ಅಪ್ಪ. ವಿಜಾಪುರದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಬಸಲಿಂಗಯ್ಯನಿಗೆ ಇದರಲ್ಲಿ ಯಾವುದರ ಮೇಲೂ ನಂಬಿಕೆಯಿರಲಿಲ್ಲ, ಆದರೆ ಕರೆದಾಗಲೆಲ್ಲ ಹೋಗಿ ಹೊಟ್ಟೆ ತುಂಬ ಉಂಡು ಬರುತ್ತಿದ್ದ. ತಿಪ್ಪವ್ವ ಬದುಕಿದ್ದಾಗ ತಾನೇ ಅವನ ಪಾದ ತೊಳೆಯುತ್ತಿದ್ದಳು. ಅವನ ಅಜ್ಜಿಯ ವಾರಿಗೆಯವಳು. ಕುಕ್ಕರಗಾಲಿನಲ್ಲಿ ಕೂತು, ನಡುಗುವ ಕೈಯಿಂದ ಬೆರಳ ಸಂದಿಗಳನ್ನೆಲ್ಲ ತಿಕ್ಕಿ, ಸೆರಗಿನಿಂದ ಒರೆಸಿ, ಆ ನೀರನ್ನು ಕಣ್ಣಿಗೊತ್ತಿಕೊಳ್ಳುವಾಗ ಅವನು ತಲೆಯೆತ್ತಿ ಜಂತಿಯ ತೊಲೆಗಳನ್ನು ನೋಡುತ್ತಿದ್ದ. ಪ್ರತಿ ಸಲವೂ ಕಾಲು ಹಿಂದಕ್ಕೆಳೆದುಕೊಳ್ಳಬೇಕೆನಿಸುತ್ತಿತ್ತು. ಪ್ರತಿ ಸಲವೂ, ಎರಡನೆಯ ಪಾದವನ್ನು ಅವನೇ ಮುಂದಕ್ಕೆ ಚಾಚುತ್ತಿದ್ದ.

ದೀಪಾವಳಿ ಮುಗಿದು ದವಡೆ ಹಿಡಿದುಕೊಂಡಿತೋ, ಜೀವಮಾನದಲ್ಲಿ ಮೊದಲ ಸಲ ಅವನಿಗೊಂದು ಮರ್ಯಾದಸ್ಥ ಕಾರಣ ಸಿಕ್ಕಿತು. ತಿಪ್ಪವ್ವ ತೀರಿಕೊಂಡ ಸುದ್ದಿ ತಂದವನು ಬಬಲೇಶ್ವರದ ಗಂಗಯ್ಯ, ದೊಡ್ಡಪ್ಪನ ಮಗ, ಮಠದ ಅಗಸಿ ಬಾಗಿಲಲ್ಲಿ ವಿಭೂತಿ ಲೋಬಾನ ಮಾರುವವನು. ಆರಾಧನೆಗೆ ಕೂಡುವವರು ಯಾರು ಎಂದು ಅವನು ಹೊಸ್ತಿಲಲ್ಲಿ ನಿಂತೇ ಕೇಳಿದಾಗ, ಬಸಲಿಂಗಯ್ಯ ಹಲ್ಲಿನ ಸಂದಿಯಿಂದಲೇ, ಅಷ್ಟರೊಳಗೆ ಬಾಯಿ ತೆರೆಯದಿದ್ದರೆ ನೀನೇ ಕೂತುಬಿಡು, ಮುಂದಕ್ಕೂ ಜೈನಾಪುರದ ಮನೆಗಳು ನಿನಗೇ ಇರಲಿ ಎಂದುಬಿಟ್ಟಿದ್ದ. ಗಂಗಯ್ಯನ ಕಣ್ಣು ತುಂಬಿ ಬಂದಿತ್ತು. ಗಂಗಯ್ಯ ಎಲ್ಲವನ್ನೂ ನಂಬುವವನು. ಉಣ್ಣುವ ಮುಂಚೆ ಹೇಳುವ ಮಂತ್ರದ ಅರ್ಥ ಕೂಡ ಬಲ್ಲವನು. ಅವನಿಗೆ ಮಾತ್ರ ಒಂದು ಮನೆಯಿಂದಲೂ ಕರೆಯಿರಲಿಲ್ಲ.

"ಇವತ್ತ ಎಷ್ಟ ಬೆರಳ ಹೊಂಟಾವ್ರಿ?" ಒಳಗಿನಿಂದ ಹೆಂಡತಿ ಶಂಕ್ರೆವ್ವ ಕೇಳಿದಳು. ಮನೆಯಲ್ಲಿ ದಿನ ಬೆಳಗಾದರೆ ಇದೇ ಮಾತು. ಅವಳು ಗಂಜಿಯ ಬಟ್ಟಲು ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಅವನು ಹಲ್ಲು ಕಚ್ಚಿಕೊಂಡು, ತೋರುಬೆರಳೊಂದನ್ನೇ ಎತ್ತಿ ತೋರಿಸಿದ. ಅವಳ ಮುಖ ಸಣ್ಣದಾಯಿತು. ಅವನ ಎದುರು ಕಡಿದು ತಿನ್ನಬಾರದೆಂದು ಅವಳು ಎಷ್ಟೋ ದಿನಗಳಿಂದ ಒಲೆಯ ಮುಂದೆ ಗೋಡೆಗೆ ಮುಖ ಮಾಡಿ ಕೂತು, ಒಣ ರೊಟ್ಟಿಯನ್ನು ಸಪ್ಪಳವಾಗದಂತೆ ಮಜ್ಜಿಗೆಯಲ್ಲಿ ನೆನೆಸಿಕೊಂಡು ನುಂಗುತ್ತಿದ್ದದ್ದು ಅವನಿಗೆ ಗೊತ್ತಿತ್ತು. ಈಗ ಅದು ನೆನಪಾಗಿ, ಎತ್ತಿದ ಬೆರಳು ಒಂದು ಕ್ಷಣ ಬಾಗಿತು. ಆದರೂ ಇಳಿಯಲಿಲ್ಲ. ಗಂಜಿಯನ್ನು ಹಲ್ಲು ತೆರೆಯದೆ, ಸೊರ್ರೆಂದು ಹೀರಿಕೊಂಡ. ಸುಳ್ಳಿನ ರುಚಿ ಗಂಜಿಯ ರುಚಿಗಿಂತ ಬೇರೆಯೇನೂ ಇರಲಿಲ್ಲ.

ಬಸ್ ಸ್ಟ್ಯಾಂಡಿಗೆ ನಡೆಯುತ್ತ, ಯಾವ ಸೂಜಿ ತನಗೆ ಈ ದ್ರೋಹ ಬಗೆದಿರಬಹುದೆಂದು ಲೆಕ್ಕ ಹಾಕಿದ. ಇಲಾಜು ಮಾಡಿಸಿದರೂ ಆಗಲಿಲ್ಲವೆಂದು ನಾಲ್ಕು ಜನರ ಮುಂದೆ ಹೇಳಬೇಕಾದರೆ ಇಲಾಜು ಮಾಡಿಸಬೇಕಲ್ಲ, ಅದಕ್ಕೆಂದೇ ಅವನು ಮೂರು ಸೂಜಿಗಳಿಗೆ ಮುಖ ಕೊಟ್ಟಿದ್ದ. ಮೊದಲನೆಯದು ಸ್ಟೇಷನ್ ರಸ್ತೆಯ ಡಾಕ್ಟರರದು. ಮೇಲೆ ಲಾಡ್ಜು, ಕೆಳಗೆ ಸೈಕಲ್ ಅಂಗಡಿ, ನಡುವೆ ಇಕ್ಕಟ್ಟಾದ ಮಜಲಿನಲ್ಲಿ ದವಾಖಾನೆ. ಡಾಕ್ಟರರು ಬ್ಯಾಟರಿ ಹಿಡಿದು, ತೆರೆದಷ್ಟು ಬಾಯಿಯೊಳಗೆ ಇಣುಕಿ, ಹಲ್ಲುಗಳ ತಲೆ ಸವೆದಿದ್ದನ್ನು ಕಂಡು, ಮರಾಠಿಯ ಎಳೆತದಲ್ಲಿ ನಿಧಾನವಾಗಿ ಕೇಳಿದರು: "ಮಾಸ್ತರ, ನಿದ್ದ್ಯಾಗ ಯಾರನ್ನ ತಿಂತೀರಿ ನೀವು?" ಕಾಯುತ್ತ ಕೂತಿದ್ದವರಲ್ಲಿ ಯಾರೋ ನಕ್ಕರು. ನಿದ್ದೆಯಲ್ಲಿ ಹಲ್ಲು ಕಡಿದು ಕಡಿದು ದವಡೆಯ ಸ್ನಾಯು ಗಂಟು ಕಟ್ಟಿದೆ, ಆ ಗಂಟಿನೊಳಕ್ಕೇ ಜೋಮಿನ ಔಷಧ ಬಿಡುತ್ತೇನೆ ಎಂದು, ಉದ್ದನೆಯ ಸೂಜಿಯನ್ನು ಕೆನ್ನೆಯ ಹೊರಗಿನಿಂದ ಇಳಿಸಿ, ಒಳಗೇ ಅತ್ತಿತ್ತ ತಡಕಾಡಿದರು. ಕತ್ತಲಲ್ಲಿ ಕಿರುಬೆರಳಿನಿಂದ ಬೀಗದ ತೂತು ಹುಡುಕಿದ ಹಾಗೆ. ಗಂಟು ಸಿಕ್ಕಾಗ ಸ್ನಾಯು ಮೀನಿನಂತೆ ಒಮ್ಮೆ ಚಿಮ್ಮಿ ಸುಮ್ಮನಾಯಿತು, ಬಾಯಿ ಎರಡು ಬೆರಳು ತೆರೆಯಿತು, ಅರ್ಧ ಮುಖ ತನ್ನದಲ್ಲದಾಯಿತು. ಮಧ್ಯಾಹ್ನ ಒಂಬತ್ತನೆಯ ಇಯತ್ತೆಗೆ ಆದಿಲಶಾಹಿಯ ಪತನ ಹೇಳುತ್ತಿದ್ದಾಗ ತುಟಿಯ ಮೂಲೆಯಿಂದ ಜೊಲ್ಲು ಇಳಿದು ಅಂಗಿಯ ಗುಂಡಿಯನ್ನು ಮುಟ್ಟಿತು. ಅವನಿಗೆ ತಿಳಿದದ್ದು ಹುಡುಗಿಯರು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಾಗ. ಒಳಗೆ ತನ್ನ ಕೆನ್ನೆಯನ್ನು ತಾನೇ ಕಚ್ಚಿಕೊಂಡಿದ್ದ, ಅದೂ ಗೊತ್ತಾಗಿರಲಿಲ್ಲ. ಜೋಮು ಇಳಿಯಿತೋ, ಬಾಯಿಯೂ ತನ್ನ ಹಳೆಯ ಒಂದು ಬೆರಳಿಗೆ ಇಳಿಯಿತು.

ಬೆರಳಿನ ಈ ಅಳತೆ ಗೊತ್ತುಮಾಡಿದವನು ವಿಜ್ಞಾನದ ಮಾಸ್ತರ ಅಬ್ದುಲಸಮದ. ನಿರೋಗಿಯ ಬಾಯಿ ಅವನವೇ ಮೂರು ಬೆರಳು ಹಿಡಿಯಬೇಕು ಎಂದು ಎಲ್ಲೋ ಓದಿಕೊಂಡು ಬಂದು, ಸ್ಟಾಫ್ ರೂಮಿನ ಎಲ್ಲರಿಂದಲೂ ಬೆರಳು ತೂರಿಸಿ ನೋಡಿಸಿದ್ದ. ಹೆಡ್ ಮಾಸ್ತರರು ಮಾತ್ರ ತಮ್ಮ ಕಟ್ಟಿಸಿದ ಹಲ್ಲಿಗೆ ಹೆದರಿ ಒಲ್ಲೆಂದರು. ಅಂದಿನಿಂದ ನಮಸ್ಕಾರದ ಬದಲು ಎಲ್ಲರೂ "ಎಷ್ಟು ಬೆರಳು ಅಯ್ಯಾಗೋಳ?" ಎಂದೇ ಕೇಳುತ್ತಿದ್ದರು. ಡಾಕ್ಟರರ ಸೂಜಿಯಲ್ಲಿ ಕೆಲಸ ಮಾಡಿದ್ದು ಔಷಧವೋ ಸೂಜಿಯೋ, ಇದು ತಿಳಿಯಬೇಕಾದರೆ ಔಷಧವಿಲ್ಲದ ಸೂಜಿಯನ್ನೂ ನೋಡಬೇಕು ಎಂಬುದು ಅಬ್ದುಲಸಮದನ ವಾದ. ಅದಕ್ಕಾಗಿ ಒಂದು ರವಿವಾರ ಟಿಕೋಟಿಗೆ, ತನ್ನ ಸೋದರತ್ತೆ ಮಾಶಾಬಿಯ ಹತ್ತಿರ ಕರೆದೊಯ್ದ. ಆಕೆ ಕೌದಿ ಹೊಲಿಯುವ ದಬ್ಬಳದಂಥ ಸೂಜಿಯನ್ನು ಕೆಂಡದಲ್ಲಿ ಕಾಯಿಸಿ, ನೋವಿನ ಜಾಗಕ್ಕೆ ಚುಟಿಗೆ ಕೊಡುವವಳು; ಸುತ್ತ ಹತ್ತಾರು ಹಳ್ಳಿಯ ಸೊಂಟ, ಮಂಡಿ, ಕಾಮಾಲೆಗಳ ಮೇಲೆ ಆಕೆಯ ಗುರುತಿತ್ತು. ಬಸಲಿಂಗಯ್ಯ ಅಂಗಳದ ಬೇವಿನ ಕೆಳಗೆ ಗೋಣಿಚೀಲದ ಮೇಲೆ ಕೂತು ಕಣ್ಣು ಮುಚ್ಚಿಕೊಂಡಿದ್ದ. ಸೂಜಿ ಬರಲೇ ಇಲ್ಲ. ಕಣ್ಣು ತೆರೆದರೆ ಮುದುಕಿ ಇಕ್ಕಳವನ್ನು ಬದಿಗಿಟ್ಟು, ನೀರಿನ ಚರಿಗೆ ಹಿಡಿದು ನಿಂತಿದ್ದಳು.

"ಮೊದಲ ಪಾದ ಕೊಡ್ರಿ ಅಯ್ಯನೋರ. ಆಮ್ಯಾಲೆ ಸುಡತೀನಿ."

ಅಬ್ದುಲಸಮದ ಮುಖ ಆಚೆ ತಿರುಗಿಸಿ ಬೇವಿನ ಕಾಂಡವನ್ನು ನೋಡತೊಡಗಿದ. ಅವನ ಭುಜ ಕುಣಿಯುತ್ತಿತ್ತು. ಅಯ್ಯನ ಮೈ ಸುಡುವ ಪಾಪ ಮೊದಲೇ ತೊಳೆದುಹೋಗಲೆಂದು ಮಾಶಾಬಿ ಅವನ ಎರಡೂ ಪಾದಗಳಿಗೆ ನೀರು ಹಾಕಿ, ಮುಟ್ಟಿ, ತಲೆಗೊತ್ತಿಕೊಂಡು, ಆಮೇಲೆ ಒಂದಿಷ್ಟೂ ಕೈ ನಡುಗಿಸದೆ ಕಿವಿಯ ಬುಡಕ್ಕೆ ಕೆಂಪಗೆ ಕಾದ ತುದಿಯನ್ನು ಒತ್ತಿದಳು. ಚೀರಿರಿ, ಚೀರಿದರೆ ಬೇನೆ ಹೊರಗೆ ಬರುತ್ತದೆ ಎಂದು ಒಂದೇ ಸಮ ಹೇಳುತ್ತಿದ್ದಳು. ಬಸಲಿಂಗಯ್ಯ ಚೀರಲಿಲ್ಲ. ಚರ್ಮ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತಿದ್ದರೂ, ಕಣ್ಣೀರು ಕುತ್ತಿಗೆಗೆ ಇಳಿದರೂ, ಹಲ್ಲು ಇನ್ನಷ್ಟು ಬಿಗಿದು ಕೂತ. ಚೀರುವುದೆಂದರೆ ಅವಮಾನವೆನಿಸಿತ್ತೋ, ಅಥವಾ ಚೀರಿದರೆ ನಿಜವಾಗಿಯೂ ತೆರೆದುಬಿಟ್ಟೀತೆಂಬ ಹೆದರಿಕೆಯೋ, ಆಗ ಗೊತ್ತಾಗಿರಲಿಲ್ಲ. ಈಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಾಗ ಗೊತ್ತಾಯಿತು, ಗೊತ್ತಾಗದಿದ್ದರೇ ಚೆನ್ನಾಗಿತ್ತು. ಮಾಶಾಬಿ ಸೋತ ಸೂಜಿಯನ್ನು ಬೂದಿಯಲ್ಲಿ ಚುಚ್ಚಿಟ್ಟು, ಇಂಥ ಬಾಯಿ ನಾನು ಕಂಡಿಲ್ಲ ಎಂದಿದ್ದಳು. ಬಾಯಿ ಒಂದೇ ಬೆರಳಿಗೆ ನಿಂತಿತು. ಮೇಲೆ ಕಿವಿಯ ಹಿಂದೆ ಜೋಳದ ಕಾಳಿನಷ್ಟು ಗಾಯ.

ಮೂರನೆಯವನು ಭೂತನಾಳದ ಸಿದ್ದರಾಯ, ಮಿಲಿಟರಿ ಆಸ್ಪತ್ರೆಯಲ್ಲಿ ಕಂಪೌಂಡರನಾಗಿದ್ದು ಪೆನ್ಶನ್ ಮೇಲೆ ಬಂದವನು. ಸೊಲ್ಲಾಪುರದಲ್ಲಿ ಯಾವುದೋ ಶಿಬಿರಕ್ಕೆ ಹೋಗಿ ಚೀನೀ ಸೂಜಿ ಕಲಿತು ಬಂದಿದ್ದ. ಗೋಡೆಯ ಮೇಲೆ ಮೈತುಂಬ ಚುಕ್ಕೆಯಿದ್ದ, ಬೋಳುತಲೆಯ ಒಬ್ಬ ಚೀನೀ ಮನುಷ್ಯನ ಚಿತ್ರವನ್ನು ಊದಿನಕಡ್ಡಿ ಸಮೇತ ತೂಗುಹಾಕಿದ್ದ. ಆ ವರ್ಷ ಹಳ್ಳಿಯ ಜನ ಸೂಜಿಯೆಂದರೆ ಓಡುತ್ತಿದ್ದರು. ಸರಕಾರದ ಜೀಪು ಬಂದು ಗಂಡಸರನ್ನು ಮಕ್ಕಳಾಗದ ಹಾಗೆ ಮಾಡುವ ಆಪರೇಶನ್ನಿಗೆ ಎಳೆದೊಯ್ಯುತ್ತದೆಂಬ ಭಯ. ಹೀಗಾಗಿ ಸಿದ್ದರಾಯನಿಗೆ ರೋಗಿಗಳೇ ಇರಲಿಲ್ಲ, ಸಿಕ್ಕ ಒಬ್ಬನ ಮೇಲೆ ಅವನು ತನ್ನ ವಿದ್ಯೆಯನ್ನೆಲ್ಲ ಸುರಿದ. ಕೂದಲಿನಷ್ಟು ಸಣ್ಣ ಸೂಜಿ. ಅದರಲ್ಲಿ ಔಷಧವಿಲ್ಲ, ಬೆಂಕಿಯಿಲ್ಲ. ಒಂದನ್ನು ಕಿವಿಯ ಮುಂದೆ, ಒಂದನ್ನು ದವಡೆಯ ಉಬ್ಬಿನ ಮೇಲೆ ಚುಚ್ಚಿ, ಮೂರನೆಯದನ್ನು ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸದಲ್ಲಿ ನೆಟ್ಟು, ರೇಡಿಯೋದ ಗುಂಡಿ ತಿರುವಿದಂತೆ ತಿರುವುತ್ತ, "ಕೈಗೂ ಬಾಯಿಗೂ ಹಳೇ ಸಂಬಂಧ ಐತ್ರಿ" ಎಂದ. ತನ್ನ ಸೂಜಿಯಿಂದ ಒಬ್ಬ ಕರ್ನಲ್ಲನ ಹೆಂಡತಿ ಹದಿನಾರು ವರ್ಷದ ತಲೆನೋವು ಮರೆತಳೆಂದ, ಒಂದು ಕುದುರೆ ಕುಂಟುವುದನ್ನು ಬಿಟ್ಟಿತೆಂದ. ಕುದುರೆಯ ಮಾತು ಬಂದಾಗ ಬಸಲಿಂಗಯ್ಯನಿಗೆ ಧೈರ್ಯ ಬಂದಿತ್ತು, ಇವನಿಂದ ಖಂಡಿತ ಗುಣವಾಗುವುದಿಲ್ಲ. ಆ ಧೈರ್ಯದಿಂದಲೇ ಮತ್ತೆ ಮತ್ತೆ ಹೋದ. ಸೂಜಿಗಳು ಮುಖದಲ್ಲಿ ನಿಂತಿರುವಾಗ ಬಾಗಿಲಾಚೆ ಕೆರೆಯ ನೀರು ಬಿಸಿಲಿಗೆ ತಗಡಿನಂತೆ ಹೊಳೆಯುತ್ತಿತ್ತು, ದವಡೆಯ ಆಳದಲ್ಲಿ ಯಾರೋ ಮೆಲ್ಲಗೆ ಕೈಬಿಟ್ಟ ಹಾಗೆ ಒಂದು ಭಾರ ಇಳಿಯುತ್ತಿತ್ತು, ಅವನು ಕೂತಲ್ಲೇ ತೂಕಡಿಸುತ್ತಿದ್ದ. ಗುಣವಾಗುವುದೆಂದರೆ ಇಷ್ಟು ಸುಮ್ಮನೆ ಆಗಬಹುದೆಂದು ಅವನಿಗೆ ಹೊಳೆದಿರಲಿಲ್ಲ.

ಅವನ ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ ಒಬ್ಬ ರಾಜಕುಮಾರನ ಮೈತುಂಬ ಸೂಜಿ. ಯಾರೋ ಮಾಟ ಮಾಡಿ ಅವನನ್ನು ಕಲ್ಲಿನಂತೆ ಮಲಗಿಸಿದ್ದಾರೆ, ಬಡವರ ಹುಡುಗಿ ಹಗಲಿಡೀ ಕೂತು ಒಂದೊಂದೇ ಸೂಜಿ ಕೀಳುತ್ತಾಳೆ. ರೆಪ್ಪೆಯ ಮೇಲಿನ ಕೊನೆಯ ಸೂಜಿಯೊಂದು ಉಳಿದಾಗ ನೀರಿಗೆಂದು ಹೊರಗೆ ಹೋಗುತ್ತಾಳೆ, ಅಷ್ಟರಲ್ಲಿ ದಾಸಿ ಬಂದು ಅದನ್ನು ಕೀಳುತ್ತಾಳೆ. ರಾಜಕುಮಾರ ಕಣ್ಣು ಬಿಡುತ್ತಾನೆ, ದಾಸಿ ರಾಣಿಯಾಗುತ್ತಾಳೆ. ಮುಂದೆ ನ್ಯಾಯವಾಯಿತೇ ಎಂದು ಕೇಳಿದರೆ ಅಜ್ಜಿ, ಕತೆ ಉದ್ದ ಐತಿ ಮಲಕೋ ಎಂದು ಹೊದ್ದಿಸುತ್ತಿದ್ದಳು. ಬೆಳಗಿನ ಮೂರನೆಯ ಬೆರಳಿಗೆ ಸಿದ್ದರಾಯನೇ ಹಕ್ಕುದಾರನೆ? ಡಾಕ್ಟರರು ಗಂಟು ಸಡಿಲಿಸದೆ ಹೋಗಿದ್ದರೆ ಕೂದಲಿನಂಥ ಸೂಜಿ ಏನು ಮಾಡುತ್ತಿತ್ತು? ಅಥವಾ ಮಾಶಾಬಿಯ ಬೆಂಕಿ ನಿಧಾನವಾಗಿ ಒಳಗಿಳಿದು ಇಂದು ಮುಟ್ಟಿತೆ? ಸರಿಯಾಗಿ ಹೋಲಿಸಬೇಕಾದರೆ ಒಂದೇ ದವಡೆಯ ಮೂವರು ಅಯ್ಯಗಳು ಬೇಕು, ಒಬ್ಬೊಬ್ಬರಿಗೆ ಒಂದೊಂದು ಸೂಜಿ, ಎಂದು ಅಬ್ದುಲಸಮದ ನಿಟ್ಟುಸಿರು ಬಿಟ್ಟಿದ್ದ. ನಾಲ್ಕನೆಯವನೂ ಬೇಕು, ಅವನಿಗೆ ಏನೂ ಚುಚ್ಚಬಾರದು ಎಂದೂ ಸೇರಿಸಿದ್ದ. ಆ ನಾಲ್ಕನೆಯವನು ತಾನಾಗಿದ್ದರೆ ಎಷ್ಟು ಸುಖವಿತ್ತು, ಎಂದುಕೊಂಡ ಬಸಲಿಂಗಯ್ಯ, ಬಸ್ಸು ಬಬಲೇಶ್ವರದಲ್ಲಿ ನಿಂತಾಗ.

ಗಂಗಯ್ಯ ಹೊಸ ಧೋತರ ಉಟ್ಟು, ಹಣೆತುಂಬ ವಿಭೂತಿ ಬಳಿದುಕೊಂಡು ಹತ್ತಿದ. ನಿನ್ನೆಯಿಂದ ಉಪವಾಸವಿದ್ದಾನೆಂದು ತುಟಿಯೇ ಹೇಳುತ್ತಿತ್ತು. ಪಕ್ಕದಲ್ಲಿ ಕೂತವನು ಬಹಳ ಹೊತ್ತು ಕೇಳಲಿಲ್ಲ. ಕೇಳಿದರೆ ಆಸೆ ಹೊರಗೆ ಬಿದ್ದೀತೆಂದು ಅಳುಕುತ್ತಿದ್ದ. ಕೊನೆಗೆ ತನ್ನ ಮೊಣಕಾಲು ನೋಡುತ್ತ, "ಬಾಯಿ ಹೆಂಗೈತಿ ಅಣ್ಣಾ?" ಎಂದ. ಬಸಲಿಂಗಯ್ಯ ಒಂದು ಬೆರಳು ತೋರಿಸಿದ. ನಿನ್ನ ದವಡೆ ಬಿಡಲೆಂದು ನಾನು ದಿನಾ ಬೇಡಿಕೊಳ್ಳುತ್ತಿದ್ದೇನೆ ಎಂದ ಗಂಗಯ್ಯ; ಅದು ನಿಜವೇ ಎಂಬುದು ಅವನ ಮುಖದಲ್ಲಿ ಕಾಣುತ್ತಿತ್ತು, ಬೇಡಿಕೊಂಡದ್ದು ಫಲಿಸಲಿಲ್ಲವೆಂಬ ಸಮಾಧಾನವೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು. ಇಬ್ಬರೂ ಕಿಟಕಿಯಾಚೆ ನೋಡಿದರು. ಬಿಳಿಜೋಳ ತೆನೆ ಹಿಡಿದಿತ್ತು. ಇಳಿಯುವಾಗ ಗಂಗಯ್ಯ ಅವನ ಚೀಲವನ್ನು ತಾನೇ ಹಿಡಿದುಕೊಂಡ.

ಜೈನಾಪುರದ ಮನೆಯಲ್ಲಿ ತಿಪ್ಪವ್ವನ ಮಗ ಶಿವಶರಣಪ್ಪ ಹೊಸ್ತಿಲಿಗೇ ಬಂದು ಕೈಮುಗಿದು, ಮೊದಲು ಬಾಯಿಯನ್ನೇ ನೋಡಿದ. ಅವನ ಹಿಂದೆ ಬೀಗರು, ನೆಂಟರು, ಬಗಲಲ್ಲಿ ಕೂಸು ಹೊತ್ತ ಹೆಣ್ಣುಮಕ್ಕಳು, ಎಲ್ಲರ ಕಣ್ಣೂ ಆ ಕಡೆಗೇ. ಬಸಲಿಂಗಯ್ಯ ಕಷ್ಟಪಟ್ಟು, ಹಲ್ಲಿನ ಸಂದಿಯಿಂದ, ಆಗುವುದಿಲ್ಲ, ಗಂಗಯ್ಯ ಕೂಡುತ್ತಾನೆ ಎಂದ. ಕಷ್ಟಪಡುವುದನ್ನು ಇಷ್ಟು ದಿನ ರೂಢಿ ಮಾಡಿದ್ದರಿಂದ ನಟನೆ ಬೇಕಾಗಲಿಲ್ಲ. ಸೊಸೆ ಮುರಿಗೆವ್ವ ಮಾತ್ರ ಒಪ್ಪಲಿಲ್ಲ. ಹುಗ್ಗಿಯನ್ನು ಅರಿವೆಯಲ್ಲಿ ಸೋಸಿ ಇಟ್ಟಿದ್ದೇನೆ, ಒಂದು ಚಮಚೆಯಾದರೂ ಹಾಕಿಕೊಳ್ಳಲಿ, ಅತ್ತೆ ತನ್ನ ಅಯ್ಯನನ್ನು ಬಿಟ್ಟು ಇನ್ನೊಬ್ಬರ ಕೈಲಿ ಉಣ್ಣುವವಳಲ್ಲ ಎಂದು ಅತ್ತಳು. ಗಂಗಯ್ಯ ಆ ಮಾತಿಗೆ ತಲೆ ತಗ್ಗಿಸಿ, ಹೊಸ ಧೋತರದ ನಿರಿಗೆ ಸರಿ ಮಾಡಿಕೊಂಡ. ಬೀಗರಲ್ಲಿ ಹಿರಿಯನೊಬ್ಬ, ಮಕ್ಕಳು ಹಸಿದಿವೆ, ಹೊತ್ತು ಏರುತ್ತಿದೆ ಎಂದ. ಶಿವಶರಣಪ್ಪ ಹೆಂಡತಿಯನ್ನು ಗದರಿ, ಗಂಗಯ್ಯನಿಗೆ ಮಣೆ ಹಾಕಿಸಿದ.

ಹೀಗೆ ಅದು ಮುಗಿದೇ ಹೋಯಿತು. ಬಸಲಿಂಗಯ್ಯ ಪಡಸಾಲೆಯ ಕಂಬಕ್ಕೆ ಒರಗಿ ಕೂತ. ಅವನ ಕಾಲುಗಳು ಧೂಳಾಗಿಯೇ ಉಳಿದವು, ಯಾರೂ ನೀರು ತರಲಿಲ್ಲ. ಅಲ್ಲಿ ಗಂಗಯ್ಯನ ಪಾದ ತೊಳೆಯುತ್ತಿದ್ದರು. ಬಿರಿದ ಹಿಮ್ಮಡಿ, ಒಂದು ಬೆರಳಿನ ಉಗುರು ಕಪ್ಪಾಗಿತ್ತು. ಗಂಗಯ್ಯ ತೊಲೆ ನೋಡಲಿಲ್ಲ. ಕಣ್ಣು ಮುಚ್ಚಿದ್ದ, ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದು ಹೀಗೆ ಮಾಡಬೇಕಾದ ಕೆಲಸ ಎಂದು ಬಸಲಿಂಗಯ್ಯನಿಗೆ ಮೊದಲ ಸಲ ಅನ್ನಿಸಿತು. ಬಿಡುಗಡೆ ಎಂಬುದು ಇದೇ ಇರಬೇಕು, ಎಂದು ತನ್ನೊಳಗೆ ತಡವಿ ನೋಡಿದ. ಹಗುರವೇನೋ ಇತ್ತು. ಆದರೆ ಆ ಹಗುರದಲ್ಲಿ ಅವನಿಗೆ ಇರುಸುಮುರುಸಾಗುವಂಥ ಏನೋ ಇತ್ತು: ಒಬ್ಬ ಹೆಂಗಸು ಅವನನ್ನು ದಾಟಿ ಹೋಗುವಾಗ, ಸ್ವಲ್ಪ ಸರೀರಿ ಎಂದಳು. ಅವನು ಸರಿದ. ಯಾವ ಕೂಸೂ ಅವನ ಕಾಲಿಗೆ ಬೀಳಲಿಲ್ಲ. ಜೀವಮಾನವಿಡೀ ನಾಚಿಕೆಪಟ್ಟ ಒಂದು ಪದಾರ್ಥವನ್ನು ಬೇರೆಯವರು ಎತ್ತಿಕೊಂಡು ಹೋದಾಗ ಕೈ ತಾನಾಗಿ ಅದರ ಹಿಂದೆ ಚಾಚುತ್ತದಲ್ಲ, ಹಾಗೆ ಅವನ ಎರಡೂ ಪಾದಗಳು ಧೋತರದ ಅಂಚಿನಿಂದ ಹೊರಗೆ ಬಂದು ಕೂತಿದ್ದವು. ನೋಡಿಕೊಂಡು, ಒಳಗೆಳೆದುಕೊಂಡ.

ಅವನ ಪಕ್ಕದಲ್ಲೇ, ಕಂಬದ ಮರೆಗೆ, ಬಿಳಿ ಅರಿವೆ ಮುಚ್ಚಿದ ಒಂದು ಬುಟ್ಟಿಯಿತ್ತು. ಸಜ್ಜೆಯ ಕಟಕ ರೊಟ್ಟಿ. ಎಳ್ಳು ಹಚ್ಚಿ, ಕೆಂಡದ ಮೇಲೆ ನಿಲ್ಲಿಸಿ ಗರಿಗರಿಯಾಗಿ ಸುಟ್ಟದ್ದು; ಆ ವಾಸನೆ ಮೊದಲು ಮೂಗಿಗೆ ಬಂತೋ ದವಡೆಗೆ ಬಂತೋ ಹೇಳಲಾಗುವುದಿಲ್ಲ. ಎಷ್ಟು ದಿನವಾಗಿತ್ತು ಅವನು ಏನನ್ನಾದರೂ ಕಡಿದು. ಗಂಜಿ, ಸಾರು, ಹಿಸುಕಿದ ಬಾಳೆಹಣ್ಣು, ಸೋಸಿದ ಹುಗ್ಗಿ. ಬಾಯೊಳಗೆ ಹಲ್ಲುಗಳು ಕೆಲಸವಿಲ್ಲದ ಕೂಲಿಗಳ ಹಾಗೆ ಸಾಲಾಗಿ ಕೂತು ಬೇಸತ್ತಿದ್ದವು. ಎದುರಿಗೆ ಗಂಗಯ್ಯನ ಎಡೆಯಲ್ಲಿ ಹೋಳಿಗೆ, ಹುಗ್ಗಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಬಡಿಸಿಯಾಗಿತ್ತು. ಗಂಗಯ್ಯ ತುತ್ತೆತ್ತುವ ಮುಂಚೆ ಅರ್ಥ ಬಲ್ಲವನ ಹಾಗೆ ನಿಧಾನವಾಗಿ ಮಂತ್ರ ಹೇಳುತ್ತಿದ್ದ. ಮನೆಯೆಲ್ಲ ಉಸಿರು ಹಿಡಿದಿತ್ತು. ಬಸಲಿಂಗಯ್ಯ ತನ್ನ ಕೈ ಅರಿವೆಯ ಕೆಳಗೆ ಹೋದದ್ದನ್ನು ನೋಡಿದ. ಬೇರೆ ಯಾರದೋ ಕೈ ನೋಡಿದ ಹಾಗೆ. ತಡೆಯಲಿಲ್ಲ. ಸಣ್ಣ ಚೂರೊಂದನ್ನು ಮುರಿದುಕೊಳ್ಳೋಣ, ಬಾಯಲ್ಲಿಟ್ಟುಕೊಂಡು ಸಪ್ಪಳವಾಗದಂತೆ ನೆನೆಸಿದರಾಯಿತು ಎಂದುಕೊಂಡ. ಬಾಯಿಗೆ ಹೋದದ್ದು ಅಂಗೈಯಗಲದ ತುಂಡು. ಹಲ್ಲು ಅವನನ್ನು ಕೇಳಲಿಲ್ಲ.

ಆ ಸಪ್ಪಳ ಪಡಸಾಲೆಯ ಆ ತುದಿಯವರೆಗೂ ಹೋಯಿತು. ಮಂತ್ರ ನಡುವೆಯೇ ನಿಂತಿತು. ಎಲ್ಲರೂ ತಿರುಗಿದರು. ಬಸಲಿಂಗಯ್ಯನ ಬಾಯಿ ತೆರೆದಿತ್ತು, ಒಳಗೆ ರೊಟ್ಟಿಯಿತ್ತು, ಮುಚ್ಚಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ, ಹಾಗಾಗಿ ಅಗಿದ. ಕರಕರ ಎಂದಿತು. ಗಂಗಯ್ಯನ ತುತ್ತು ಇನ್ನೂ ಎಡೆಯಲ್ಲೇ ಇತ್ತು. ಮೊದಲ ತುತ್ತು ಮನೆತನದ ಅಯ್ಯನ ಬಾಯಿಗೇ ಹೋಗಿತ್ತು, ಯಾರೂ ಬಡಿಸದೆ, ಯಾರೂ ಕರೆಯದೆ. ಇದನ್ನು ಮೊದಲು ಅರ್ಥ ಮಾಡಿಕೊಂಡವಳು ಮುರಿಗೆವ್ವ. ಅವಳು ಚೀರಲಿಲ್ಲ, ಬಹಳ ಸಮಾಧಾನದಿಂದ, ತನಗೆ ಮೊದಲೇ ಗೊತ್ತಿದ್ದ ಹಾಗೆ ಹೇಳಿದಳು:

"ಅತ್ತಿ ಉಂಡ್ಲು ನೋಡ್ರಿ."

ಜನ ಎದ್ದು ಬಂದರು. ಬಸಲಿಂಗಯ್ಯ ನುಂಗಿ, ಗಂಟಲು ಸರಿಮಾಡಿಕೊಂಡು, ಎಷ್ಟೋ ದಿನಗಳ ಮೇಲೆ ಪೂರ್ತಿ ಬಾಯಿ ತೆರೆದು ಮಾತನಾಡಿದ. "ಇದು ಅವ್ವ ಮಾಡಿದ್ದಲ್ಲ. ಮುಂಜಾನೇನ ತೆರದಿತ್ತು. ಭೂತನಾಳದಾಗ ಸೂಜಿ ಹಾಕಿಸ್ಕೊಂಡಿದ್ದೆ. ನಾ ನಿಮಗ ಸುಳ್ಳ ಹೇಳಿದೆ." ಹೇಳಿದ ಮೇಲೆ ಎದೆ ನಿಜವಾಗಿಯೂ ಹಗುರವಾಯಿತು, ಈಗ ಬೈಗುಳಕ್ಕೆ ಕಾದು ನಿಂತ.

"ಮುಂಜಾನಿ ಎಷ್ಟೊತ್ತಿಗ್ರಿ?" ಎಂದ ಶಿವಶರಣಪ್ಪ.

ಗಡ್ಡ ಮಾಡಿಕೊಳ್ಳುವಾಗ, ಹೊತ್ತು ಮೂಡುವ ಮುಂಚೆ, ಎಂದ ಬಸಲಿಂಗಯ್ಯ. ಶಿವಶರಣಪ್ಪ ಹೆಂಡತಿಯ ಮುಖ ನೋಡಿದ. ಹೊತ್ತು ಮೂಡುವ ಮುಂಚೆ ಅವರು ಹೊಲಕ್ಕೆ ಹೋಗಿ ತಿಪ್ಪವ್ವನನ್ನು ಮಣ್ಣು ಮಾಡಿದ ಗುದ್ದಿನ ಮೇಲೆ ಹಾಲು ಹಾಕಿ, ಅಯ್ಯನ ಬಾಯಿ ತೆರೆಸವ್ವ ಎಂದು ಕೇಳಿಕೊಂಡು ಬಂದಿದ್ದರು. ಪಡಸಾಲೆಯಲ್ಲಿ ಒಂದು ದೊಡ್ಡ ನಿಟ್ಟುಸಿರು ಎದ್ದಿತು. ಸೂಜಿಯ ಮಾತನ್ನು ಅವನು ಇನ್ನೊಮ್ಮೆ ಹೇಳಿದ, ಚೀನೀ ಮನುಷ್ಯನ ಚಿತ್ರ ವಿವರಿಸಿದ, ಡಾಕ್ಟರರ ಔಷಧ, ಟಿಕೋಟಿಯ ಚುಟಿಗೆ, ಯಾವುದರಿಂದ ಎಷ್ಟು ತೆರೆಯಿತು ಎಲ್ಲ ಹೇಳಿದ. ಕಿವಿಯ ಹಿಂದಿನ ಗಾಯ ಕೂಡ ತೋರಿಸಿದ. ಅವರು ತಾಳ್ಮೆಯಿಂದ ಕೇಳಿದರು. ಅಯ್ಯನಾದವನು ತನ್ನ ದೊಡ್ಡಸ್ತಿಕೆ ತಾನೇ ಹೇಳಿಕೊಳ್ಳುವುದುಂಟೆ ಎಂದು ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದರು. "ಸೂಜಿ ಯಾರದರ ಇರಲಿ ತಗೀರಿ," ಎಂದ ಶಿವಶರಣಪ್ಪ, "ಚುಚ್ಚಿದ ಕೈ ನಮ್ಮವ್ವಂದು."

ಸುಳ್ಳು ಎಂಬ ಮಾತು ಕೇಳಿಸಿದ್ದು ಒಬ್ಬನಿಗೇ. ಗಂಗಯ್ಯ ಎಡೆಯ ಮುಂದಿನಿಂದ ಎದ್ದಿದ್ದ. ಯಾರೂ ಅವನಿಗೆ ಏಳು ಎನ್ನಲಿಲ್ಲ, ಕೂಡು ಎನ್ನಲೂ ಇಲ್ಲ. ಅವನು ಹೊಸ ಧೋತರವನ್ನು ಎತ್ತಿ ಕಟ್ಟಿ, ತನ್ನ ಪಾದ ತೊಳೆದ ಅದೇ ಚರಿಗೆಗೆ ಹೊಸ ನೀರು ತುಂಬಿಕೊಂಡು ಬಂದು, ಕಂಬದ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಬಸಲಿಂಗಯ್ಯ, ಬ್ಯಾಡೋ ಗಂಗಾ ಎಂದ, ಅದು ಯಾರಿಗೂ ಕೇಳಿಸದಷ್ಟು ಸಣ್ಣಗೆ. ಗಂಗಯ್ಯ ತಲೆಯೆತ್ತಿ ಅವನ ಬಾಯಿಯನ್ನೊಮ್ಮೆ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದರೆ ಬಸಲಿಂಗಯ್ಯ ಬದುಕಿಕೊಳ್ಳುತ್ತಿದ್ದ.

"ಪಾದ ನೀಡಣ್ಣಾ," ಎಂದ ಗಂಗಯ್ಯ. "ಮಂದಿ ಹಸದೈತಿ."

ತಣ್ಣಗಿನ ನೀರು ಬಿತ್ತು. ಬಸಲಿಂಗಯ್ಯ ತೊಲೆ ನೋಡಲಿಲ್ಲ. ತೊಳೆಯುವವನ ಬೈತಲೆಯನ್ನೂ, ಹಣೆಯ ಮೇಲೆ ಬೆವರಿಗೆ ಕರಗುತ್ತಿದ್ದ ವಿಭೂತಿಯನ್ನೂ ನೋಡಿದ. ಆಮೇಲೆ ಅವನನ್ನು ಕರೆದೊಯ್ದು ಮಣೆಯ ಮೇಲೆ ಕೂಡಿಸಿದರು. ಮಣೆ ಇನ್ನೂ ಬೆಚ್ಚಗಿತ್ತು. ಸೋಸಿದ ಹುಗ್ಗಿಯನ್ನು ಎತ್ತಿಟ್ಟು ಸೋಸದ ಹುಗ್ಗಿ ಬಡಿಸಿದರು, ಹೋಳಿಗೆ ಬಂತು, ಪಲ್ಯ ಬಂತು. ನಾಲ್ಕು ತುತ್ತು ಉಂಡು ಕೈ ತೊಳೆದುಬಿಡುವುದು, ಅಷ್ಟರಮಟ್ಟಿಗಾದರೂ ಮರ್ಯಾದೆ ಉಳಿಸಿಕೊಳ್ಳುವುದು, ಎಂದು ತೀರ್ಮಾನಿಸಿ ಶುರುಮಾಡಿದ. ಹಿಂಡಿಗೆ ಎಣ್ಣೆ ಹಾಕಿ ಕಲಸಿ ರೊಟ್ಟಿ ಮುರಿದ. ದವಡೆ ಏಳುತ್ತಿತ್ತು, ಇಳಿಯುತ್ತಿತ್ತು, ಎಡಗಡೆ ಹೊರಳಿಸಿದ, ಬಲಗಡೆ ಹೊರಳಿಸಿದ, ಎಲ್ಲಿಯೂ ನೋವಿಲ್ಲ. ಬದನೆಕಾಯಿಯ ಬೀಜ ಒಂದೊಂದಾಗಿ ಹಲ್ಲಿನ ನಡುವೆ ಸಿಡಿದವು. ಇಷ್ಟು ರುಚಿ ಜಗತ್ತಿನಲ್ಲಿದ್ದದ್ದು ಅವನಿಗೆ ಮರೆತೇಹೋಗಿತ್ತು. ಸುತ್ತ ಗೋಡೆಗುಂಟ ಮನೆಮಂದಿಯೆಲ್ಲ ಕೈಕಟ್ಟಿ ನಿಂತು ಅವನ ದವಡೆಯನ್ನೇ ನೋಡುತ್ತಿದ್ದರು, ಒಂದು ಕೂಸು ತಾಯಿಯ ಸೆರಗು ಚೀಪುತ್ತಿತ್ತು, ಬಾಗಿಲ ಬಳಿ ನಿನ್ನೆಯಿಂದ ಉಣ್ಣದ ಗಂಗಯ್ಯ ಖಾಲಿ ಚರಿಗೆ ಹಿಡಿದು ನಿಂತಿದ್ದ. ತಾನೊಬ್ಬ ಕೈ ತೊಳೆದರೆ ಇವರೆಲ್ಲರಿಗೂ ಊಟ. ಬಸಲಿಂಗಯ್ಯನಿಗೆ ಅದು ಗೊತ್ತಿತ್ತು, ಪ್ರತಿ ತುತ್ತಿಗೂ ಗೊತ್ತಾಗುತ್ತಿತ್ತು.

ಮುರಿಗೆವ್ವ ಬುಟ್ಟಿ ಹಿಡಿದು ಬಾಗಿ, ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳಿದಳು. ಸಾಕು ಎನ್ನಲು ಅವನು ಬಾಯಿ ತೆರೆದ.

"ಹಾಕವ್ವಾ," ಎಂದ.